ಚೆಂಡಿಗೊಂದು ನಮಸ್ಕಾರ

ಸಂಜೆಯಾದರೆ ಮುಂಬಯಿಯ ಗೋರೆಗಾಂವಿನ ನಮ್ಮ ಬಿಲ್ಡಿಂಗಿನ ಮಕ್ಕಳು ಕಂಪೌಂಡು ಗೋಡೆಗೆ ಚೆಂಡು ಒದೆಯುತ್ತಾರೆ. ಆ ‘ದಬ್ ದಬ್’ ಸದ್ದಿಗೆ ಎರಡನೇ ಮಹಡಿಯ ನಮ್ಮ ಕಿಟಕಿಯ ಗಾಜೂ ಸಣ್ಣಗೆ ನಡುಗುತ್ತದೆ. ಮೊನ್ನೆ ಹಾಗೆ ಸದ್ದು ಬಂದಾಗ, ಮಂಚದ ಮೇಲೆ ಮಲಗಿದ್ದ ಅತ್ತೆ ಹೊದಿಕೆಯೊಳಗೆ ಬಲಗಾಲಿನ ಹೆಬ್ಬೆರಳು ಆಡಿಸಿದ್ದನ್ನು ನಾನು ನೋಡಿಬಿಟ್ಟೆ.

ಬೆರಳು ಆಡಿಸಿದ್ದೇನು ದೊಡ್ಡ ಸಂಗತಿ ಎನ್ನಬೇಡಿ. ಅತ್ತೆ, ಅಂದರೆ ಅಪ್ಪನ ತಂಗಿ, ಎಡಮಂಡಿಯ ಆಪರೇಷನ್ ಮುಗಿಸಿ ಮನೆಗೆ ಬಂದಮೇಲೆ ಆ ಕಾಲನ್ನು ನೆಲಕ್ಕೆ ಊರಲು ಒಪ್ಪುತ್ತಲೇ ಇರಲಿಲ್ಲ. ಈಗ ಭಾರ ಹಾಕಿ ನಿಲ್ಲದಿದ್ದರೆ ಮಂಡಿ ಹಾಗೇ ಬಿಗಿದುಕೊಂಡು, ಮುಂದೆ ಹಾಸಿಗೆಯೇ ಗತಿಯಾದೀತು ಎಂದು ಡಾಕ್ಟರು ಹೆದರಿಸಿದ್ದರು. ವ್ಯಾಯಾಮ ಮಾಡಿಸಲು ಬರುವ ಹುಡುಗಿ, “ಆಂಟಿ, ಥೋಡಾ ಖಡೇ ಹೋ ಜಾವೋ ನಾ”, ಸ್ವಲ್ಪ ಎದ್ದು ನಿಲ್ಲಿ ಎಂದು ಗೋಗರೆದರೆ, ಅತ್ತೆ ಗೋಡೆಯ ಕಡೆ ತಿರುಗಿ ನನಗೆ ಹೇಳುತ್ತಿದ್ದಳು: “ನಂಗೆ ಆಗೂದಿಲ್ಲ ಮಾರಾಯ್ತಿ, ನಾಳೆ ನೋಡುವ ಅಂತ ಹೇಳು ಅವಳಿಗೆ.” ಆ ನಾಳೆ ಬರುತ್ತಲೇ ಇರಲಿಲ್ಲ. ನನಗೆ ನಿಜಕ್ಕೂ ಭಯವಾಗಿತ್ತು.

ಏಕೆಂದರೆ ಈ ಹೆಂಗಸು ಸುಮ್ಮನೆ ಮಲಗುವ ಪೈಕಿಯೇ ಅಲ್ಲ. ನಾವು ಅಂಧೇರಿಯ ವಠಾರದಂಥ ಚಾಳಿನಲ್ಲಿದ್ದ ಕಾಲದಲ್ಲಿ ಅಪ್ಪ ದಾದರಿನ ಹೋಟೆಲೊಂದರಲ್ಲಿ ಕ್ಯಾಶಿಗೆ ಕೂರುತ್ತಿದ್ದರು. ಮದುವೆಯ ಮಾತೆತ್ತಿದರೆ ಸಿಡುಕುತ್ತಿದ್ದ ಅತ್ತೆ ಉಡುಪಿಯಿಂದ ಬಂದು ನಮ್ಮೊಡನೆ ಉಳಿದು, ಚಾಳಿನವರ ಸೀರೆಗಳಿಗೆಲ್ಲ ಫಾಲ್ ಹಚ್ಚುತ್ತಿದ್ದಳು. ನಾನು ಎಂಟನೆಯ ತರಗತಿಗೆ ಬಂದ ವರ್ಷ ಶಾಲೆಯಲ್ಲಿ ಹುಡುಗಿಯರ ಫುಟ್‌ಬಾಲ್ ಟೀಮು ಕಟ್ಟುತ್ತೇವೆ ಎಂದರು. ನೆಟ್ಟಗೆ ಪಾಸ್ ಕೊಡಲು ಬರುವವರಿಗೆ ಮಾತ್ರ ಜಾಗ. ಪಾಸ್ ಕಲಿಯಲು ಎದುರಿಗೆ ಒಬ್ಬರು ಬೇಕಲ್ಲ? ಚಾಳಿನ ಹುಡುಗರು ನನ್ನನ್ನು ಗೋಲುಕಂಬದ ಬದಲಿಗೆ ನಿಲ್ಲಿಸುತ್ತಿದ್ದರೇ ಹೊರತು ಆಟಕ್ಕೆ ಸೇರಿಸುತ್ತಿರಲಿಲ್ಲ. ನನ್ನ ಅಳುಮುಖ ನೋಡಿ ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

“ಅದರಲ್ಲಿ ಎಂತ ಉಂಟು? ನಾನು ಕುಂಟೆಬಿಲ್ಲೆ ಆಡಿದವಳು. ತಾ ಇಲ್ಲಿ.”

ಕುಂಟೆಬಿಲ್ಲೆಯನ್ನು ನೀವು ಹಗುರವಾಗಿ ಎಣಿಸಬಾರದು. ಒಂಟಿಕಾಲಲ್ಲಿ ಕುಂಟುತ್ತ, ಹಂಚಿನ ಚೂರನ್ನು ಗೆರೆಗೆ ತಾಗದಂತೆ ಮುಂದಿನ ಮನೆಗೆ ತಳ್ಳಿದ ಪಾದಕ್ಕೆ ಫುಟ್‌ಬಾಲ್ ಯಾವ ಲೆಕ್ಕ? ಎರಡು ಚಾಳುಗಳ ನಡುವಿನ ಗಲ್ಲಿಯಲ್ಲಿ ಒಂದು ಕಡೆ ನೀರಿನ ಡ್ರಮ್ಮುಗಳು, ಇನ್ನೊಂದು ಕಡೆ ಗಟಾರ. ನನ್ನ ಪಾಸು ಆಗಾಗ ಗಟಾರಕ್ಕೆ ಹೋಗುತ್ತಿತ್ತು. ಸೀರೆ ಎತ್ತಿಕಟ್ಟಿ ಬರಿಗಾಲಲ್ಲಿ ನಿಂತ ಅತ್ತೆಯ ಪಾಸು ಮಾತ್ರ ಹಳಿ ಹಿಡಿದ ಲೋಕಲ್ಲಿನಂತೆ ನೇರ ನನ್ನ ಪಾದಕ್ಕೇ ಬರುತ್ತಿತ್ತು.

ಆದರೆ ಒಂದು ತಾಪತ್ರಯವಿತ್ತು. ಕಾಲು ತಾಗಿದ್ದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಯಲ್ಲಿ ಮಾತು ಬರುವ ಮೊದಲೇ ಬಂದುಬಿಡುವ ಅಭ್ಯಾಸ. ಪುಸ್ತಕವಾಗಲಿ, ಪೊರಕೆಯಾಗಲಿ, ಪಕ್ಕದಲ್ಲಿ ಕೂತ ಮನುಷ್ಯನಾಗಲಿ, ವಿನಾಯಿತಿಯಿಲ್ಲ. ಅತ್ತೆ ನನ್ನ ಚೆಂಡನ್ನು ಕಾಲಲ್ಲಿ ತಡೆಯುವಳು, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು, ಆಮೇಲೆ ಒದೆಯುವಳು.

“ಅತ್ತೆ, ಇದು ಇರೂದೇ ಕಾಲಲ್ಲಿ ಒದೀಲಿಕ್ಕೆ.”

“ಇರ್ಲಿ. ಒದ್ದ ಮೇಲೆ ಒಂದು ಮರ್ಯಾದೆ ಬೇಡ್ವಾ ಅದಕ್ಕೆ?”

ಸಹವಾಸ ದೋಷ ನೋಡಿ, ನನಗೂ ಅದೇ ಲಯ ಅಂಟಿತು. ಆಯ್ಕೆಯ ದಿನ ಚೆಂಡನ್ನು ಕಾಲಲ್ಲಿ ತಳ್ಳುತ್ತ ಓಡುವಾಗ ನನ್ನ ಬೂಟು ಎದುರಾಳಿ ಹುಡುಗಿಯ ಕಾಲಿಗೆ ಬಡಿಯಿತು. ನಾನು ನಿಂತೆ. ಬಗ್ಗಿ ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆಯೆತ್ತುವಷ್ಟರಲ್ಲಿ ಚೆಂಡು ನಮ್ಮ ಗೋಲಿನೊಳಗಿತ್ತು. “ಅಗಂ, ತೂ ಖೇಳಾಯಲಾ ಆಲೀಸ್ ಕೀ ಪಾಯಾ ಪಡಾಯಲಾ?” ಆಡಲು ಬಂದೆಯಾ, ಕಾಲಿಗೆ ಬೀಳಲು ಬಂದೆಯಾ ಎಂದು ಪಿಟಿ ಟೀಚರು ಹೊಟ್ಟೆ ಹಿಡಿದು ನಕ್ಕರು. ನನ್ನ ಪಾಸು ನೆಟ್ಟಗಿತ್ತೆಂದು ಟೀಮಿಗೇನೋ ಸೇರಿಸಿದರು. ಹೆಚ್ಚಿನ ಮ್ಯಾಚುಗಳಲ್ಲಿ ನಾನು ಹೊರಗೆ ಕೂತು ನೀರಿನ ಬಾಟಲಿ ಕಾದೆ ಎಂಬುದು ಬೇರೆ ಮಾತು. ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು ಎನ್ನುತ್ತಾರಲ್ಲ, ಹಾಗೆ.

ಮೊನ್ನೆ ಆ ಹೆಬ್ಬೆರಳು ಕಂಡದ್ದೇ ನಾನು ಕೆಳಗೆ ಓಡಿ, ಮಕ್ಕಳಿಂದ ಚೆಂಡು ಕೇಳಿ ತಂದೆ. ಅತ್ತೆಯನ್ನು ಮಂಚದ ಅಂಚಿಗೆ ಕೂರಿಸಿ ಚೆಂಡನ್ನು ಅವಳ ಬಲಗಾಲಿಗೆ ಉರುಳಿಸಿದೆ. ಅವಳು ಅದನ್ನು ತಿರುಗಿ ನನ್ನತ್ತ ಒದ್ದಳು. ಇನ್ನೊಂದು ಸಲ ಉರುಳಿಸಿದೆ. ಈ ಸಲ ಅವಳು ಒದ್ದದ್ದು ಅರ್ಧದಾರಿಯಲ್ಲೇ ನಿಂತಿತು.

“ಥೂ, ಕೂತು ಒದ್ದರೆ ಜೋರು ಬರೂದಿಲ್ಲ. ಆ ವಾಕರ್ ಕೊಡು.”

ನಾನು ವಾಕರ್ ತಂದು ಅವಳ ಮುಂದಿಟ್ಟೆ. ಅತ್ತೆ ವಾಕರ್ ಹಿಡಿದು ಎದ್ದಳು. ಬಲಗಾಲು ಎತ್ತಬೇಕಾದರೆ ಭಾರವೆಲ್ಲ ಎಡಗಾಲಿನ ಮೇಲೆ ಬೀಳಬೇಕಲ್ಲ, ಬಿತ್ತು. ಚೆಂಡು ಟೀಪಾಯಿಯ ಕಾಲುಗಳ ನಡುವೆ ತೂರಿ ನೇರ ನನ್ನ ಪಾದಕ್ಕೆ ಬಂತು. ನನ್ನ ಕಣ್ಣು ತುಂಬಿತು. ಅತ್ತೆಯ ಮುಖ ಮಾತ್ರ ಸಪ್ಪಗಾಗಿತ್ತು.

“ಎಂತಾಯ್ತು? ನೋವಾ?”

“ನೋವಲ್ಲ. ಬಗ್ಗಲಿಕ್ಕೆ ಆಗೂದಿಲ್ಲ ನೋಡು. ನನ್ನದೂ ನೀನೇ ಮಾಡು.”

ನಾನು ಬಗ್ಗಿ, ಚೆಂಡು ಮುಟ್ಟಿ, ಅವಳ ಪರವಾಗಿ ಕಣ್ಣಿಗೊತ್ತಿಕೊಂಡೆ. ಆಮೇಲೆ ನನ್ನದು. ಹೀಗೆ ಪ್ರತಿ ಪಾಸಿಗೂ ಎರಡೆರಡು ಸಲ. ಸ್ವಲ್ಪ ಹೊತ್ತಿಗೆ ನನ್ನ ಸೊಂಟ ಹಿಡಿದುಕೊಂಡಿತು. “ಸಾಕತ್ತೆ, ಇನ್ನು ನಾಳೆ ನೋಡುವ” ಎಂದು ನಾನು ಕುರ್ಚಿಗೆ ಕುಸಿದರೆ, ಅವಳು ವಾಕರ್ ಹಿಡಿದು ನಿಂತೇ ಇದ್ದಳು.

“ನಾಳೆ ಎಂತ ನಾಳೆ? ಕೊಡು.”