ಆಚೆ ದಡಕ್ಕೆ ಹೋದ ಕರೆಂಟು

ಬೀದಿಯವರೆಲ್ಲ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ನೋಡಿದರೆ ಅವಳು ಇಸ್ತ್ರಿ ಹಾಕುತ್ತಿದ್ದುದು ಬೀದಿಯವರ ಬಟ್ಟೆಗಳಿಗಲ್ಲ, ಹೊಳೆಯಾಚೆಗಿನ ದೇಶದ ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆಗಳಿಗೆ. ಬೆಳಿಗ್ಗೆ ಸೇತುವೆ ದಾಟಿ ಪರದೇಶಕ್ಕೆ ಹೋಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ವದೇಶಕ್ಕೆ ಮರಳುವ ಹೆಂಗಸು ಅವಳು. ಸೇತುವೆಯ ಈ ತುದಿಗೊಂದು ಠಾಣೆ, ಆ ತುದಿಗೊಂದು ಠಾಣೆ. ಎರಡೂ ಕಡೆ ಕೊರಳಿಗೆ ನೇತು ಹಾಕಿಕೊಂಡ ಪಾಸನ್ನು ಎತ್ತಿ ತೋರಿಸಬೇಕು. "ಏನಕ್ಕ, ಪರದೇಶಕ್ಕೆ ಹೊರಟ್ರಾ?" ಎಂದು ಮೂಲೆ ಅಂಗಡಿಯವನು ದಿನಾ ಕೇಳುತ್ತಿದ್ದ. "ಹೂಂ, ಬರ್ತಾ ಏನ್ ತರ್ಲಿ?" ಎಂದು ಅವಳೂ ದಿನಾ ಹೇಳುತ್ತಿದ್ದಳು. ಹಳಸಿದ ಮಾತಾದರೂ ಇಬ್ಬರಿಗೂ ಬೇಸರ ಬಂದಿರಲಿಲ್ಲ.

ಹೊಳೆ ಒಂದೇ, ಎರಡು ದಡದ ಬದುಕು ಮಾತ್ರ ಅಜಗಜಾಂತರ. ಈಚೆ ದಡದಲ್ಲಿ ಬೆಟ್ಟಗಳಿದ್ದವು, ಬೆಟ್ಟದ ಹೊಟ್ಟೆ ತುಂಬ ಅದಿರಿತ್ತು, ಮೇಲೆ ದಟ್ಟ ಕಾಡಿತ್ತು. ಹೊಳೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೂ ಈಚೆಗೇ ಸೇರಿತ್ತು. ಆಚೆಯದು ಅಗೆದರೆ ಮರಳು ಬಿಟ್ಟು ಇನ್ನೇನೂ ಸಿಗದ ಬಟಾಬಯಲು. ಆದರೆ ಆಚೆ ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು, ಗುಂಡಿ ಒತ್ತಿದರೆ ದೀಪ ಹೊತ್ತುತ್ತಿತ್ತು, ಬಸ್ಸು ಹೇಳಿದ ಹೊತ್ತಿಗೆ ಬಂದು ನಿಲ್ಲುತ್ತಿತ್ತು. ಈಚೆ ಅದಿರಿನ ಲಾರಿಗಳ ಧೂಳು ಕುಡಿದು ಕೆಮ್ಮುವುದೊಂದೇ ಜನರ ಪಾಲಿಗೆ ಉಳಿದಿತ್ತು. ಇಸ್ತ್ರಿಯಕ್ಕನ ಅಪ್ಪ ಅದೇ ಗಣಿಯಲ್ಲಿ ದುಡಿದು, ಅದೇ ಕೆಮ್ಮಿನಲ್ಲಿ ಹೋಗಿದ್ದ. ಆಗಿನಿಂದ ತಾಯಿಯನ್ನೂ ತಂಗಿಯನ್ನೂ ಇವಳೇ ನೋಡಿಕೊಂಡಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದ್ಲು ಗುಬ್ಬಿದಾಗ್ಲಿ" ಎನ್ನುತ್ತಿದ್ದಳು. ಗುಬ್ಬಿಯದಾದ ಮೇಲೆ ಇವಳನ್ನು ಯಾರೂ ಕೇಳಲಿಲ್ಲ.

ಗುಬ್ಬಿ ಎಂದರೆ ತಂಗಿ. ಪುಟ್ಟ ದೇಹ, ಬಾಯಿ ಮಾತ್ರ ಅರಳು ಹುರಿದ ಹಾಗೆ. ಅವಳ ಗಂಡ ಅಣೆಕಟ್ಟಿನ ವಿದ್ಯುತ್ ಮನೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸಗಾರ. ಮಿತಭಾಷಿ, ಅತ್ತೆಯ ಮನೆಯಲ್ಲೇ ಇದ್ದ. ಅಣೆಕಟ್ಟು ಕಟ್ಟಿಸಿಕೊಟ್ಟವರು ಆಚೆ ದೇಶದವರಾದ್ದರಿಂದ ಕರೆಂಟಿನ ಮೇಲೆ ಮೊದಲ ಹಕ್ಕು ಅವರದಾಗಿತ್ತು. ಅವರು ಉಂಡು ಮಿಕ್ಕಿದ್ದು ಈಚೆಗೆ. ಬೇಸಿಗೆಯಲ್ಲಿ ಏನೂ ಮಿಗುತ್ತಿರಲಿಲ್ಲ. ಕರೆಂಟು ಹೋದ ಕೂಡಲೇ ಗುಬ್ಬಿ ಗಂಡನ ಕಡೆ ತಿರುಗಿ, "ನೀವೇ ತಯಾರ್ ಮಾಡಿದ್ದಲ್ವಾ, ಒಂದ್ ಡಬ್ಬಿಲಿ ತುಂಬ್ಕೊಂಡು ಬರ್ಬಾರ್ದಾ?" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ನಗುತ್ತಿದ್ದ.

ಸಂಜೆ ಅಕ್ಕ ಬಂದು ಕಾಲು ತೊಳೆದು ಕೂತರೆ ಸಾಕು, ಗುಬ್ಬಿ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತಿದ್ದಳು. "ಅಲ್ಲಿದು ಹೇಳೇ ಅಕ್ಕ." ಅಕ್ಕ ಹೇಳುತ್ತಿದ್ದಳು. ನೆಲಮಾಳಿಗೆಯ ಆ ದೊಡ್ಡ ಕೋಣೆ, ಗುಡುಗುವ ತೊಳೆಯುವ ಯಂತ್ರಗಳು, ಉರುಳೆಗಳ ನಡುವೆ ಒದ್ದೆಯಾಗಿ ಹೋಗಿ ಗರಿಗರಿಯಾಗಿ ಹೊರಬರುವ ಬಿಳಿ ಬಟ್ಟೆ, ಅದನ್ನು ಎದುರುಬದುರು ನಿಂತು ಮಡಿಸುವುದು. ಗುಬ್ಬಿಗೆ ಹೆರಿಗೆ ವಾರ್ಡಿನ ಸುದ್ದಿಯೇ ಹೆಚ್ಚು ಬೇಕಿತ್ತು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವಳ ಹೊಟ್ಟೆಯಲ್ಲೊಂದು ಜೀವ ಮಿಡುಕಿತ್ತು.

"ಬಾಣಂತೀರಿಗೆ ಹಾಸೋ ಬಟ್ಟೆನ ಬಿಸಿ ಮಾಡಿ ಕಳಿಸ್ತಾರಂತೆ, ನಿಜಾನಾ?"

"ಹೂಂ ಕಣೆ. ಚಳಿ ಆಗ್ಬಾರ್ದು ಅಂತ."

"ನೋಡಮ್ಮ," ಎಂದು ಗುಬ್ಬಿ ತಾಯಿಯ ಕಡೆ ತಿರುಗುತ್ತಿದ್ದಳು. "ಅಲ್ಲಿ ಬಟ್ಟೆಗೂ ಬಾಣಂತನ."

ಆರನೆಯ ತಿಂಗಳು ಕಳೆದ ಮೇಲೆ ಗುಬ್ಬಿಯ ಕಾಲು ಊದತೊಡಗಿತು, ಮುಖ ಬಿಳಿಚಿಕೊಂಡಿತು. ಊರಿನ ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯ ಹೆಂಗಸು. "ರಕ್ತ ಕಡಿಮೆ ಇದೆ, ಹೆರಿಗೆ ಹೊತ್ತಿಗೆ ಹುಷಾರಾಗಿರ್ಬೇಕು. ಸಾಧ್ಯವಿದ್ರೆ ದೊಡ್ಡ ಕಡೆ ಕರ್ಕೊಂಡ್ಹೋಗಿ" ಎಂದರು. ದೊಡ್ಡ ಕಡೆ ಎಂದರೆ ರಾಜಧಾನಿ, ಬಸ್ಸಿನಲ್ಲಿ ಎರಡು ದಿನದ ದಾರಿ. ಇಲ್ಲವೇ ಸೇತುವೆಯಾಚೆ, ನಡೆದರೆ ಅರ್ಧ ಗಂಟೆ.

ಇಸ್ತ್ರಿಯಕ್ಕ ಆಚೆಯವರ ಭಾಷೆಯಲ್ಲಿ ತನಗೆ ಬರುವ ಹರಕುಮುರುಕು ಮಾತಿನಲ್ಲೇ ತನ್ನ ಮೇಲಿನವಳ ಹತ್ತಿರ ಬಾಯಿ ಬಿಟ್ಟಳು. ಬಟ್ಟೆ ವಿಭಾಗದ ಮೇಲ್ವಿಚಾರಕಿ ದಪ್ಪ ಕನ್ನಡಕದ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಆದರೂ ಆ ದಿನವೇ ಮೇಲಿನ ಮಹಡಿಗೆ ಹೋಗಿ ವಿಚಾರಿಸಿಕೊಂಡು ಬಂದಳು. ಕೆಲಸದವರ ಪಾಸು ಕೆಲಸದವರಿಗೆ ಮಾತ್ರ. ರೋಗಿಯನ್ನು ದಾಟಿಸಬೇಕಾದರೆ ನಿಮ್ಮ ದೇಶದ ಕಚೇರಿಯ ಒಪ್ಪಿಗೆ ಬೇಕು ಎಂದಳು. ಇಸ್ತ್ರಿಯಕ್ಕ ಕಚೇರಿಗೆ ಅಲೆದಳು. ಸಾಹೇಬರು ಊರಲ್ಲಿಲ್ಲ ಎಂದರು, ಸಾಹೇಬರು ಬಂದ ಮೇಲೆ ಮುಂದಿನ ವಾರ ಬನ್ನಿ ಎಂದರು. ಚಪ್ಪಲಿ ಸವೆಯಿತು, ಕೆಲಸ ಆಗಲಿಲ್ಲ.

ಕಚೇರಿಯ ಕಿಟಕಿಯಾಚೆ ಅದಿರಿನ ಲಾರಿಗಳು ಸಾಲುಗಟ್ಟಿ ಸೇತುವೆಯ ಕಡೆ ಹೋಗುತ್ತಿದ್ದವು. ಒಂದು ದಿನ ಜೊತೆಗೆ ಬಂದಿದ್ದ ಗುಬ್ಬಿ ಬೆಂಚಿನ ಮೇಲೆ ಕೂತು ಅವನ್ನೇ ನೋಡುತ್ತಿದ್ದಳು. "ಅಕ್ಕ, ನನ್ನೂ ಒಂದು ಲಾರೀಲಿ ಹಾಕಿ ಕಳಿಸ್ಬಿಡು. ಅದಿರು ಅಂದ್ರೆ ಯಾರೂ ತಡೆಯಲ್ಲ" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಮಾಸ್ತ ತಲೆಯೆತ್ತಿ, "ಇದೇನ್ ನಿಮ್ಮ ಮನೆ ಜಗುಲಿನಾ?" ಎಂದು ಗದರಿದ.

ದಿನ ತುಂಬುವ ಮೊದಲೇ, ಒಂದು ಮಧ್ಯಾಹ್ನ ನೋವು ಶುರುವಾಯಿತು. ಸುದ್ದಿ ನೆಲಮಾಳಿಗೆಯ ಫೋನಿಗೆ ಬಂತು. ಕನ್ನಡಕದಾಕೆ ಯಂತ್ರಗಳ ಸದ್ದಿನ ನಡುವೆ ಬಂದು ಇಸ್ತ್ರಿಯಕ್ಕನ ಕೈಯಲ್ಲಿದ್ದ ಬಟ್ಟೆಯ ತುದಿಯನ್ನು ತಾನೇ ತೆಗೆದುಕೊಂಡು, "ಹೋಗು, ನಿಮ್ಮಮ್ಮ ಕರೆದ್ರು" ಎಂದಳು. ಅವಳು ಉಟ್ಟ ಬಟ್ಟೆಯಲ್ಲೇ ಓಡಿದಳು. ಠಾಣೆಯ ಮುಂದೆ ಸಾಲು ನಿಂತಿತ್ತು. ಅವಳು ಕೈ ಮುಗಿದು ದಾರಿ ಬಿಡಿಸಿಕೊಂಡಳು.

ಈಚೆ ಅಂಗಡಿಯವರೆಲ್ಲ ಹೊರಗೆ ಬಂದು ಕೂತು ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಹಿಟ್ಟಿನ ಗಿರಣಿ ಸುಮ್ಮನಾಗಿತ್ತು. "ಯಾವಾಗ ಹೋಯ್ತು ಕರೆಂಟು?" ಎಂದು ಓಡುತ್ತಲೇ ಕೇಳಿದಳು. "ಬೆಳಿಗ್ಗೇನೇ ಹೋಯ್ತಕ್ಕ" ಎಂದ ಮೂಲೆ ಅಂಗಡಿಯವನು. ಬೇರೇನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಮಗು ಆಗಲೇ ಹುಟ್ಟಿತ್ತು. ಹೆಣ್ಣು. ತಾಯಿ ಅದನ್ನು ತನ್ನ ಸೀರೆಯಲ್ಲಿ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು, ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ. ಒಳಗೆ ಗುಬ್ಬಿಗೆ ರಕ್ತ ನಿಲ್ಲುತ್ತಿರಲಿಲ್ಲ. ಆಪರೇಷನ್ ಮಾಡಬೇಕೆಂದರೆ ಕಿಟಕಿಯಿಲ್ಲದ ಆ ಕೋಣೆಯಲ್ಲಿ ದೀಪವಿರಲಿಲ್ಲ. ಜನರೇಟರಿನ ಡೀಸೆಲ್ ಮುಗಿದು ವಾರವಾಗಿತ್ತು. ಫ್ರಿಜ್ಜಿನಲ್ಲಿ ಇಟ್ಟಿದ್ದ ರಕ್ತದ ಬಾಟಲಿಗಳನ್ನು ಡಾಕ್ಟರಮ್ಮ ಮುಟ್ಟಿ ನೋಡಿ ಪಕ್ಕಕ್ಕಿಟ್ಟಿದ್ದರು. ಅವು ಬೆಚ್ಚಗಾಗಿದ್ದವು. ಯಾರೋ ಮೇಣದಬತ್ತಿ ತಂದರು, ಯಾರೋ ಟಾರ್ಚು ಹಿಡಿದರು. ಡಾಕ್ಟರಮ್ಮನ ಮುಖದ ಬೆವರನ್ನು ಒರೆಸಲೂ ಒಂದು ಕೈ ಬಿಡುವಿರಲಿಲ್ಲ. ತಮ್ಮ ಕೈಲಾದದ್ದನ್ನೆಲ್ಲ ಮಾಡಿದ ಮೇಲೆ ಅವರು ಬಾಗಿಲಿಗೆ ಬಂದು ಇಸ್ತ್ರಿಯಕ್ಕನನ್ನು ಕರೆದರು. "ಒಳಗೆ ಬನ್ನಿ, ಅವಳ ಹತ್ರ ಕೂತ್ಕೊಳ್ಳಿ" ಎಂದರು. ಅದರಲ್ಲೇ ಎಲ್ಲ ಅರ್ಥವಾಯಿತು.

ಗುಬ್ಬಿಯ ಕೈ ತಣ್ಣಗಿತ್ತು. "ಚಳಿ ಅಕ್ಕ" ಎಂದಳು. ಹೊರಗೆ ಜನ ಸೆಕೆಗೆ ಬೇಯುತ್ತಿದ್ದರು. ಇಸ್ತ್ರಿಯಕ್ಕ ತನ್ನ ಸೆರಗು ಹೊದಿಸಿದಳು, ಮೂಲೆಯಲ್ಲಿದ್ದ ಹರಕು ಕಂಬಳಿಯನ್ನೂ ಹೊದಿಸಿ ಪಕ್ಕಕ್ಕೆ ಒರಗಿ ತಬ್ಬಿಕೊಂಡಳು.

"ಅಲ್ಲಿದು ಹೇಳೇ."

ಅಕ್ಕ ಹೇಳಿದಳು. "ಕೋಣೆ ತುಂಬ ಬೆಳಕು ಕಣೆ. ಗೋಡೆ ಎಲ್ಲ ಬೆಳ್ಳಗೆ. ನಿಂಗೆ ಅಂತ ಬಿಸಿ ಬಿಸಿ ಬಟ್ಟೆ ಕಳ್ಸಿದೀನಿ, ನಾನೇ ಮಡಿಸಿದ್ದು. ಈಗ ಹೊದಿಸ್ತಾರೆ ನೋಡು."

"ಹೊದಿಸಿದ್ರು" ಎಂದಳು ಗುಬ್ಬಿ. ಅವಳು ತಮಾಷೆಗೆ ಹಾಗೆಂದಳೋ, ನಿಜವಾಗಿ ಹಾಗೇ ಅನ್ನಿಸಿತೋ, ಇಸ್ತ್ರಿಯಕ್ಕನಿಗೆ ಕೊನೆಗೂ ತಿಳಿಯಲಿಲ್ಲ. ಆಮೇಲೆ ಗುಬ್ಬಿ ಮಾತಾಡಲಿಲ್ಲ.

ಅಣೆಕಟ್ಟಿನ ಪಾಳಿಯಲ್ಲಿದ್ದ ಗಂಡನಿಗೆ ಸುದ್ದಿ ತಲುಪಿ, ಅವನು ಸಿಕ್ಕ ಲಾರಿ ಹತ್ತಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನ ಕೈಯಲ್ಲಿ ಇನ್ನೂ ಯಂತ್ರದ ಎಣ್ಣೆಯಿತ್ತು. ಆ ಕೈಯಲ್ಲಿ ಅವಳ ಮುಖ ಮುಟ್ಟಲು ಹಿಂಜರಿದು, ಅಂಗಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ನಿಂತ.

ಮನೆ ನಡೆಯಬೇಕಲ್ಲ, ಇಸ್ತ್ರಿಯಕ್ಕ ಮತ್ತೆ ಸೇತುವೆ ದಾಟಿದಳು. ಮೊದಲ ದಿನವೇ ಅವಳ ಮುಂದೆ ಹೆರಿಗೆ ವಾರ್ಡಿನ ಬಟ್ಟೆಯ ಗಾಡಿ ಬಂದು ನಿಂತಿತು. ಅವಳು ಒಂದೊಂದೇ ಎತ್ತಿ ಯಂತ್ರಕ್ಕೆ ಹಾಕಿದಳು. ಕಲೆಗಳಿದ್ದವು, ಹಿಂದೆಯೂ ಇರುತ್ತಿದ್ದವು. ಆ ಕಲೆಗಳ ಹೆಂಗಸರೆಲ್ಲ ಎದ್ದು ನಡೆದು ಮನೆಗೆ ಹೋಗಿದ್ದರು ಎಂಬುದು ಈಗಷ್ಟೇ ಅವಳ ತಲೆಗೆ ಹೊಳೆಯಿತು. ಕನ್ನಡಕದಾಕೆ ಬಂದು ಗಾಡಿಯನ್ನು ಬೇರೆಯವರ ಕಡೆ ತಳ್ಳಿದಳು. "ಏನ್ ಮಾಡೋದು, ನಿಮ್ದು ಬಡ ದೇಶ" ಎಂದಳು. ಸಮಾಧಾನಕ್ಕೆಂದು ಹೇಳಿದ ಮಾತೇ ಅದು.

"ಬಡ ದೇಶ ಅಲ್ಲಮ್ಮ" ಎಂದಳು ಇಸ್ತ್ರಿಯಕ್ಕ. ಆಚೆಯವರ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದುದು ಕೆಲವೇ ಮಾತು. ಬೆರಳನ್ನು ಚಾವಣಿಯ ದೀಪದ ಕಡೆ ತೋರಿಸಿ, ಆಮೇಲೆ ಹೊಳೆಯ ಕಡೆ ತೋರಿಸಿದಳು. ಕನ್ನಡಕದಾಕೆ ದೀಪದ ಕಡೆ ನೋಡಿದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ. ಇಸ್ತ್ರಿಯಕ್ಕ ಬಿಡಿಸಿ ಹೇಳಲು ಹೋಗಲಿಲ್ಲ.

ಸಂಜೆ ಹೊರಬರುವಾಗ ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಬಾಣಂತಿ ಮಗುವನ್ನೆತ್ತಿಕೊಂಡು ಕಾರಿಗೆ ಕಾಯುತ್ತಿದ್ದಳು. ಇವಳನ್ನು ನೋಡಿ ಸುಮ್ಮನೆ ನಕ್ಕಳು. ಇಸ್ತ್ರಿಯಕ್ಕನಿಗೆ ಅವಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ನಾಚಿಕೆಯಾಯಿತು. ನಾಚಿಕೆಯಾದರೂ ಸಿಟ್ಟು ಹೋಗಲಿಲ್ಲ, ಸೇತುವೆಯ ಉದ್ದಕ್ಕೂ ಜೊತೆಗೆ ಬಂತು.

ಗುಬ್ಬಿಯ ಗಂಡ ಪಾಳಿ ಮುಗಿಸಿ ಬಂದು ಜಗುಲಿಯ ಮೇಲೆ ಕೂತರೆ ಕೂತೇ ಇರುತ್ತಿದ್ದ. ಒಂದು ಸಂಜೆ ಕರೆಂಟು ಹೋಯಿತು. ಎದುರು ದಡದಲ್ಲಿ ದೀಪಗಳು ಝಗಝಗಿಸುತ್ತಿದ್ದವು. ಅವನು ಅತ್ತ ನೋಡುತ್ತಲೇ ಹೇಳಿದ.

"ಒಂದ್ ಹಿಡಿ ಎಳೆದ್ರೆ ಸಾಕಕ್ಕ. ಯಂತ್ರ ನಿಲ್ಲುತ್ತೆ. ಆ ಊರಿಗೆ ಊರೇ ಕತ್ತಲಾಗುತ್ತೆ. ಅವತ್ತು ನಾನು ಆ ಹಿಡಿ ಪಕ್ಕದಲ್ಲೇ ನಿಂತಿದ್ದೆ. ಚೆನ್ನಾಗಿ ಓಡ್ಲಿ ಅಂತ ಎಣ್ಣೆ ಬಿಡ್ತಿದ್ದೆ."

ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದ ಇಸ್ತ್ರಿಯಕ್ಕನ ಕೈ ನಿಂತಿತು. ಅವನ ಮಾತು ಅವಳಿಗೆ ಹೊಸದಾಗಿರಲಿಲ್ಲ, ತಾನೂ ಅದನ್ನೇ ಎಷ್ಟೋ ಸಲ ಯೋಚಿಸಿದ್ದಳು. ಆಚೆ ಆಸ್ಪತ್ರೆಯ ಕೋಣೆಗಳೂ ಕತ್ತಲಾಗಲಿ, ಅವರಿಗೂ ಗೊತ್ತಾಗಲಿ ಎಂದು.

"ಅಲ್ಲೂ ಯಾರೋ ಮಲಗಿರ್ತಾಳೆ" ಎಂದಳು ಕೊನೆಗೆ. "ಅವಳಿಗೂ ಒಬ್ಬಳು ಅಕ್ಕ ಇರ್ತಾಳೆ. ಬೇಡ."

"ಅವರು ನಮ್ಮ ಬಗ್ಗೆ ಹಾಗಂದ್ಕೊಂಡ್ರಾ?"

ಅವನು ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದಿನಗಳಲ್ಲಿ ಅದೇ ಮೊದಲು. ಮುಂದಿನ ತಿಂಗಳು ಅಣೆಕಟ್ಟಿನ ಕೆಲಸ ಬಿಟ್ಟು, ದೂರದ ಊರಿನಲ್ಲಿ ಗಾರೆ ಕೆಲಸಕ್ಕೆ ಸೇರಿಕೊಂಡ. ಅವನ ಜಾಗಕ್ಕೆ ಮರುದಿನವೇ ಇನ್ನೊಬ್ಬ ಬಂದ. ಯಂತ್ರ ಒಂದು ಗಳಿಗೆಯೂ ನಿಲ್ಲಲಿಲ್ಲ.

ಮಗು ಬೆಳೆಯಿತು. ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಿಂತಿತು. ಅಮ್ಮನ ಅಕ್ಕನಾದ್ದರಿಂದ ಇಸ್ತ್ರಿಯಕ್ಕ ಅದಕ್ಕೆ ದೊಡ್ಡಮ್ಮ. ಅಜ್ಜಿ ದಿನವಿಡೀ ಕೂರಿಸಿಕೊಂಡು ಕಲಿಸುತ್ತಿದ್ದಳು. "ದೊಡ್ಡಮ್ಮ ಅನ್ನು ಕಂದ, ದೊಡ್ಡಮ್ಮ." ಒಂದು ಸಂಜೆ ಇಸ್ತ್ರಿಯಕ್ಕ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಮಗು ಎರಡೂ ಕೈ ಚಾಚಿ ತೊದಲಿತು. ಎಳೆಯ ನಾಲಿಗೆಗೆ ಉದ್ದದ ಮಾತು ಹೊರಳಲಿಲ್ಲ. ಮೊದಲರ್ಧ ಬಿಟ್ಟು ಹೋಗಿ ಕೊನೆಯದಷ್ಟೇ ಹೊರಬಂತು.

"ಅಮ್ಮ."

ಅಜ್ಜಿ ತಿದ್ದಲು ಬಾಯಿ ತೆರೆದವಳು ಮಗಳ ಮುಖ ನೋಡಿ ಸುಮ್ಮನಾದಳು. ಇಸ್ತ್ರಿಯಕ್ಕ ಮಗುವನ್ನು ಎತ್ತಿಕೊಂಡಳು. ಬದುಕಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ. ಆ ಕರೆಗೆ ಓಗೊಡಬೇಕಾದವಳು ಬೇರೆ ಇದ್ದಳು, ಅವಳು ಒಂದೇ ಒಂದು ಸಲವೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಮಗು ಮತ್ತೆ ಕರೆಯಿತು, ಕೆನ್ನೆ ಹಿಡಿದು ಎಳೆಯಿತು. ಬಹಳ ಹೊತ್ತಿನ ಮೇಲೆ, ಯಾರದೋ ಒಡವೆಯನ್ನು ಹೇಳದೆ ಕೇಳದೆ ಹಾಕಿಕೊಂಡವಳ ಹಾಗೆ, ಅವಳು ಮೆಲ್ಲಗೆ "ಏನಮ್ಮ" ಎಂದಳು.