ಬಾಲದ ಮಿಲಾ ಎರಡು ಗಂಟೆಗೆ ಊಟಕ್ಕೆ ಕೂತದ್ದು

ನ್ಯಾಷನಲ್ ಸಿಟಿಯಲ್ಲಿ ಮಿಲಾಗ್ರೊಸ್ ದುಮ್ಲಾವ್ ಮನೆ ಎಲ್ಲಿ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಬಾಲದ ಮಿಲಾ ಎಂದರೆ ಸಾಕು, ಮೀನಿನ ಅಂಗಡಿಯವನು ಕೈಯಲ್ಲಿದ್ದ ಕತ್ತಿಯನ್ನೇ ಚಾಚಿ ದಾರಿ ತೋರಿಸುತ್ತಾನೆ. ಐವತ್ತನಾಲ್ಕು ವರ್ಷ, ಐದಡಿಗೆ ಎರಡಂಗುಲ ಕಡಿಮೆ, ಇಪ್ಪತ್ತೆರಡು ವರ್ಷದಿಂದ ಸಿಟಿ ಬಸ್ಸಿನ ಡ್ರೈವರ್. ಬಸ್ಸಿನಲ್ಲಿ ಎಲ್ಲರಿಗಿಂತ ಮುಂದೆ ಕೂರುವ ಈ ಹೆಂಗಸು ಸ್ಕೂಟರ್ ಹತ್ತಿದ ದಿನ ಮಾತ್ರ ಎಲ್ಲರಿಗಿಂತ ಹಿಂದೆ.

ಅದಕ್ಕೊಂದು ಕಾರಣವಿದೆ. ಮೂವತ್ತೊಂದನೆಯ ವಯಸ್ಸಿನಲ್ಲಿ ಅವಳು ಇಟಲಿಯ ಹಳೆಯ ಕೆಂಪು ಸ್ಕೂಟರ್ ಕೊಂಡು ‘ಹೊಗೆಗಾರರ ಸಂಘ’ ಸೇರಿದಳು. ಎಲ್ಲರ ಗಾಡಿಗಳೂ ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವಂಥವು, ಹಿಂದೆ ನೀಲಿ ಹೊಗೆ ಬಿಡುವಂಥವು. ಹೆಸರು ಸರಿಯಾಗಿಯೇ ಇತ್ತು. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಎಂಬ ಕೃತಜ್ಞತೆಯ ಹಬ್ಬದ ದಿನ ಬೆಳಿಗ್ಗೆ ಸಂಘದವರೆಲ್ಲ ಬೆಟ್ಟ ಹತ್ತಿ ಜೂಲಿಯನ್ ಊರಿಗೆ ಹೋಗಿ, ಮೊದಲೇ ಹೇಳಿಟ್ಟ, ಸೇಬಿನ ಹೂರಣ ತುಂಬಿದ ಪೈಗಳನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಂಡು, ಮಧ್ಯಾಹ್ನದ ಊಟಕ್ಕೆ ಅವರವರ ಮನೆ ಸೇರುವುದು ಪದ್ಧತಿ. ಮೊದಲನೆಯ ವರ್ಷವೇ ಮಿಲಾಳ ಗಾಡಿ ಇಳಿಜಾರಿನಲ್ಲಿ ನಿಂತುಹೋಯಿತು. ಮುಂದೆ ಹೋದವರ ಪೈಕಿ ಒಬ್ಬನೂ ತಿರುಗಿ ನೋಡಲಿಲ್ಲ. ಹಸುಗಳ ಹುಲ್ಲುಗಾವಲಿನ ಬೇಲಿ ಪಕ್ಕ ಎರಡೂವರೆ ಗಂಟೆ ನಿಂತಿದ್ದಳು. ಹಸುಗಳು ಬಂದು ನೋಡಿ ಹೋದವು. ಅವತ್ತು ಅವಳಿಗಾದ ಅವಮಾನ ಇನ್ನೂ ಆರಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು, “ಇನ್ಮೇಲೆ ಕೊನೇಲಿ ನಾನು ಬರ್ತೀನಿ. ನನ್ನ ಹಿಂದೆ ಒಬ್ಬರೂ ಉಳಿಯೋ ಹಾಗಿಲ್ಲ,” ಎಂದಳು. ಯಾರೂ ಬೇಡ ಅನ್ನಲಿಲ್ಲ. ಬಾಲದ ಕೆಲಸ ಯಾರಿಗೆ ಬೇಕಾಗಿತ್ತು?

ಅಲ್ಲಿಂದ ಇಪ್ಪತ್ತಮೂರು ವರ್ಷ. ಕೆಟ್ಟ ಗಾಡಿ ಕಂಡಲ್ಲಿ ನಿಲ್ಲಿಸು, ಪ್ಲಗ್ ಒರೆಸು, ಸ್ಟೆಪ್ನಿ ಹಾಕು, ಕಿಕ್ ಹೊಡೆದು ಕಳಿಸು. ಮನೆ ಮುಟ್ಟುವಾಗ ಮೂರೋ ನಾಲ್ಕೋ ಗಂಟೆ. ಹಬ್ಬದೂಟದ ಟರ್ಕಿ ಕೋಳಿ ತಣ್ಣಗಾಗಿ ರಟ್ಟಿನಂತಾಗಿರುತ್ತಿತ್ತು. ಅವಳಿಗದು ದೊಡ್ಡ ವಿಷಯವಲ್ಲ. ಆದರೆ ಅವಳ ತಾಯಿ ಪೆರ್ಪೆಟುವಾ ಮಕ್ಕಳೆಲ್ಲ ಕೂರುವ ತನಕ ತುತ್ತು ಎತ್ತುವವಳಲ್ಲ. ಹಿಂದಿನ ವರ್ಷ ಹಾಗೆಯೇ ಕಾದು ಕೂತಿದ್ದ ಸಕ್ಕರೆ ಕಾಯಿಲೆಯ ಮುದುಕಿಗೆ ರಕ್ತದ ಸಕ್ಕರೆ ಇಳಿದು, ಮೈಯೆಲ್ಲ ಬೆವೆತು, ಕೈ ನಡುಗಿ ಚಮಚ ಕೆಳಗೆ ಬಿತ್ತು. ಅಣ್ಣ ರೊಮುಲೊ ಕಿತ್ತಳೆ ರಸ ಕುಡಿಸುತ್ತಿದ್ದ ಹೊತ್ತಿಗೇ ಮಿಲಾ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದದ್ದು. ಆ ನೋಟ ಅವಳ ಎದೆಗೆ ನಾಟಿತು. ಹಡಗಿನಲ್ಲಿ ಅಡುಗೆಯವನಾಗಿದ್ದ ಅಪ್ಪನ ಫೋಟೋ ಮುಂದೆ ನಿಂತು ಅವಳೇ ಬಾಯಿಬಿಟ್ಟು ಹೇಳಿದಳು:

“ಬರೋ ವರ್ಷ ಎರಡು ಗಂಟೆಗೆ ಊಟದ ಪ್ರಾರ್ಥನೆ ಹೊತ್ತಿಗೆ ನಾನು ಕುರ್ಚಿ ಮೇಲೆ ಇಲ್ಲ ಅಂದ್ರೆ ಸ್ಕೂಟರ್ ಮಾರಿಬಿಡ್ತೀನಿ.”

ಇಂಥ ಮಾತನ್ನು ಮರೆಯುವ ಅಣ್ಣಂದಿರು ಇರುತ್ತಾರೆ. ರೊಮುಲೊ ಆ ಜಾತಿಯವನಲ್ಲ. ವರ್ಷ ತುಂಬುವುದರೊಳಗೆ ಗಿರಾಕಿಯನ್ನೂ ಹುಡುಕಿಟ್ಟಿದ್ದ.

ಈ ಸಲದ ಹಬ್ಬದ ದಿನ ಬೆಳಗಾಗುತ್ತಲೇ ಮನೆಯಲ್ಲಿ ಬೆಳ್ಳುಳ್ಳಿ ಅನ್ನದ ಘಮ. ತಾಯಿ ಕರಿಯುವುದಕ್ಕೆ ಲುಂಪಿಯಾ ಸುರುಳಿ ಸುತ್ತುತ್ತ ಕೂತಿದ್ದಳು. ಓವನ್ನಿನ ಮುಂದೆ ಕಾವಲುಗಾರನಂತೆ ರೊಮುಲೊ.

“ತಂಗೀ, ಗಿರಾಕಿ ಕೆಂಪು ಬಣ್ಣ ಇಷ್ಟ ಅಂದ ಕಣಮ್ಮಾ,” ಎಂದ.

“ಅವನಿಗೆ ಕೆಂಪು ಟೊಮೆಟೊ ಕೊಡು ಅಣ್ಣಾ,” ಎಂದು ಮಿಲಾ ಜಾಕೆಟ್ಟಿನ ಜಿಪ್ ಎಳೆದಳು.

ತಾಯಿ ತಲೆ ಎತ್ತಲಿಲ್ಲ. “ಎರಡು ಗಂಟೆ ಮಿಲಾ. ಡಾಕ್ಟರೂ ಅದನ್ನೇ ಹೇಳಿದಾರೆ,” ಎಂದಳಷ್ಟೆ.

ಏಳಕ್ಕೆ ಮೂವತ್ತೊಂದು ಸ್ಕೂಟರ್‌ಗಳು ಹೊರಟವು. ಸಂಘದ ಹಿರಿಯ ಗಸ್‌ಗೆ ವಿಷಯ ಗೊತ್ತಿತ್ತು. “ಬಾಲಾ, ಇವತ್ತೊಂದು ದಿನ ನಾನು ಹಿಂದೆ ಬರ್ತೀನಿ. ನೀನು ಮುಂದೆ ಹೋಗು,” ಎಂದ.

“ನಿಮ್ಮ ಗಾಡಿ ನಿಂತ್ರೆ ನಿಮ್ಮನ್ನ ಯಾರು ಎತ್ಕೊಂಡ್ ಬರ್ತಾರೆ? ಸುಮ್ನೆ ಹೋಗಿ,” ಎಂದಳು ಮಿಲಾ. ಹಟಮಾರಿತನ ಎಂದರೆ ಇದೇ. ತನ್ನ ಸ್ಕೂಟರ್ ಕೈತಪ್ಪಬಹುದಾದ ದಿನವೂ ಬಾಲ ಬಿಟ್ಟುಕೊಡಲೊಲ್ಲಳು.

ಹತ್ತುವಾಗ ಒಂದು ಗಾಡಿಯೂ ಕೆಮ್ಮಲಿಲ್ಲ. ಜೂಲಿಯನ್‌ನಲ್ಲಿ ಚಳಿಗೆ ಕೈ ಉಜ್ಜಿಕೊಂಡು ಕಾಫಿ ಕುಡಿದು, ಪೈ ಕಟ್ಟಿಕೊಂಡು ಹತ್ತು ಗಂಟೆಗೆ ಇಳಿಯತೊಡಗಿದರು. ಹನ್ನೆರಡೂವರೆಗೆ ಮನೆ ಎಂದು ಮಿಲಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಲೆಕ್ಕ ಮುಗಿಯುವಷ್ಟರಲ್ಲಿ ಡೆಸ್ಕಾನ್ಸೊ ತಿರುವಿನಲ್ಲಿ ಗಸ್ ರಸ್ತೆ ಬದಿ ನಿಂತು ಕೈ ಬೀಸುತ್ತಿದ್ದ. ಕ್ಲಚ್ ವೈರ್ ಕಟ್ಟಾಗಿತ್ತು. ಮಿಲಾ ತನ್ನ ಡಿಕ್ಕಿಯಿಂದ ಹೊಸ ವೈರ್ ತೆಗೆದು ಪೋಣಿಸಿ, ಬಿಗಿದು, ಅವನನ್ನು ಹತ್ತಿಸಿ ಕಳಿಸಿದಳು. ಮುಂದೆ ಒಬ್ಬನಿಗೆ ಪಂಕ್ಚರ್; ಅವನ ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಪಂಪ್ ಹೊಡೆದೂ ಹೊಡೆದೂ ಅವಳ ರಟ್ಟೆ ಬಿದ್ದುಹೋಯಿತು. ಆಲ್ಪೈನ್ ಊರು ದಾಟಿದ ಮೇಲೆ ಟೆಸ್ಸಾ ಎಂಬ ಹೊಸ ಹುಡುಗಿ. ಇದೇ ಮೊದಲ ಸವಾರಿ, ಕಣ್ಣಲ್ಲಿ ನೀರು. ಅವಳದ್ದೂ ಕ್ಲಚ್ ವೈರೇ.

“ಆಂಟೀ, ನೀವು ಹೋಗಿಬಿಡಿ. ನಿಮಗೆ ಎರಡು ಗಂಟೆಗೆ ಊಟ ಅಂತೆ. ಗಸ್ ಹೇಳಿದ್ರು.”

“ನಿನ್ನನ್ನ ಇಲ್ಲಿ ಬಿಟ್ಟು ಹೋಗಿ ಕೂತ್ರೆ ನನಗೆ ಊಟ ಗಂಟಲಲ್ಲಿ ಇಳಿಯುತ್ತಾ ಹುಡುಗೀ? ಹಿಡ್ಕೋ ಈ ಸ್ಪ್ಯಾನರ್ ಮೊದಲು.”

ಡಿಕ್ಕಿಯಲ್ಲಿ ಉಳಿದಿದ್ದ ಕೊನೆಯ ವೈರೂ ಅವಳ ಗಾಡಿಗೆ ಹೋಯಿತು. ಟೆಸ್ಸಾ ಅಪ್ಪಿಕೊಂಡು, ಅತ್ತು, ನಕ್ಕು, ಹೊಗೆ ಬಿಟ್ಟು ಹೊರಟಳು. ಅವಳು ಕಣ್ಮರೆಯಾಗುವ ತನಕ ನೋಡುತ್ತ ನಿಂತದ್ದೂ ಎರಡು ನಿಮಿಷ.

ಸ್ಪ್ರಿಂಗ್ ವ್ಯಾಲಿಯಲ್ಲಿ ಗೇರ್ ಬದಲಿಸಲು ಲಿವರ್ ಒತ್ತಿದಾಗ ಅದು ಟಪ್ಪೆಂದು ಹ್ಯಾಂಡಲಿಗೆ ಬಂದು ಬಡಿಯಿತು. ಒಳಗೆ ಹಿಡಿತವೇ ಇಲ್ಲ. ಮಿಲಾಗೆ ಬಗ್ಗಿ ನೋಡುವ ಅಗತ್ಯವೂ ಇರಲಿಲ್ಲ. ಗಾಡಿಯನ್ನು ಬದಿಗೆ ಉರುಳಿಸಿ ಡಿಕ್ಕಿ ತೆರೆದಳು. ಎರಡು ಪ್ಲಗ್, ಒಂದು ಬಲ್ಬ್, ಒಂದು ಚಾಕೊಲೇಟ್. ವೈರ್ ಇಲ್ಲ. ಇಪ್ಪತ್ತಮೂರು ವರ್ಷದಲ್ಲಿ ಒಮ್ಮೆಯೂ ತಲೆಗೆ ಬರದ ಪ್ರಶ್ನೆ ಈಗ ರಸ್ತೆ ಮಧ್ಯೆ ಎದ್ದು ನಿಂತಿತ್ತು: ಬಾಲದ ಹಿಂದೆ ಯಾರಿದ್ದಾರೆ?

ಗಂಟೆ ಒಂದು ಇಪ್ಪತ್ತು. ಮನೆಗೆ ಇನ್ನೂ ಎಂಟು ಮೈಲಿ. ಟ್ಯಾಕ್ಸಿ ಬರಲು ಐವತ್ತು ನಿಮಿಷ ಎಂದು ಫೋನು ತೋರಿಸಿತು, ಹಬ್ಬದ ದಿನ. ಅಷ್ಟರಲ್ಲಿ ಅದೇ ಫೋನು ರಿಂಗಾಯಿತು. ರೊಮುಲೊ.

“ಎಲ್ಲಿದೀಯಮ್ಮಾ?”

“ಸ್ಪ್ರಿಂಗ್ ವ್ಯಾಲಿ. ಕ್ಲಚ್ ವೈರ್ ಹೋಯ್ತು.”

“ಅಯ್ಯೋ ಪಾಪ,” ಎಂದ ಅವನ ದನಿಯಲ್ಲಿ ಜೇನು ಸುರಿಯುತ್ತಿತ್ತು. “ಕಾರ್ ತರ್ತೀನಿ, ಕೂತ್ಕೊಂಡ್ ಬಾ. ಗಾಡಿ ಅಲ್ಲೇ ಇರಲಿ. ಗಿರಾಕಿ ಅಲ್ಲಿಂದಾನೇ ಒಯ್ಲಿ.”

ಆ ಒಂದು ಮಾತು ಹೇಳದಿದ್ದರೆ ಮಿಲಾ ಒಪ್ಪುತ್ತಿದ್ದಳೋ ಏನೋ. “ನೀನು ಕೋಳಿ ನೋಡ್ಕೋ. ಅಮ್ಮನಿಗೆ ಕಾಯ್ಬೇಕಾಗಿಲ್ಲ ಅಂತ ಹೇಳು, ನಾನು ಬರ್ತಿದೀನಿ,” ಎಂದು ಫೋನ್ ಕಟ್ ಮಾಡಿ ಜೇಬಿಗೆ ತುರುಕಿದಳು. ಆದರೂ ತಾನು ತಡಮಾಡಿದರೆ ಆ ಮುದುಕಿ ಮತ್ತೆ ಹಸಿದು ಕೂರುತ್ತಾಳೆ. ಸ್ಕೂಟರಿಗಿಂತ ಅದು ದೊಡ್ಡದು.

ಕ್ಲಚ್ ಇಲ್ಲದೆಯೂ ಗಾಡಿ ಓಡುತ್ತದೆ, ಹಳೆಯ ಸ್ಕೂಟರಿನವರಿಗೆಲ್ಲ ಗೊತ್ತಿರುವ ವಿಷಯ. ಇಳಿಜಾರಿನಲ್ಲಿ ಉರುಳಿಸಿ ಗೇರಿಗೆ ಹಾಕಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಆಕ್ಸಿಲರೇಟರ್ ಬಿಟ್ಟ ಕ್ಷಣ ನೋಡಿ ಹ್ಯಾಂಡಲ್ ತಿರುಗಿಸಿದರೆ ಗೇರ್ ಬೀಳುತ್ತದೆ. ತೊಂದರೆ ಒಂದೇ, ನಿಲ್ಲಿಸುವ ಹಾಗಿಲ್ಲ. ನಿಂತರೆ ಎಂಜಿನ್ ಆಫ್. ಚಪ್ಪಟೆ ರಸ್ತೆಯಲ್ಲಿ ಮತ್ತೆ ತಳ್ಳಿ ಓಡಿ ಹತ್ತಬೇಕು. ಮುಂದೆ ಅವಳ ಮನೆಯವರೆಗೆ ಹತ್ತೊಂಬತ್ತು ಸಿಗ್ನಲ್.

ಬೇರೆ ಯಾರಾದರೂ ಅಲ್ಲೇ ಕೂತು ಅಳುತ್ತಿದ್ದರು. ಆದರೆ ಆ ಹತ್ತೊಂಬತ್ತು ಸಿಗ್ನಲ್ಲುಗಳ ಕೆಳಗೆ ದಿನಕ್ಕೆ ಹತ್ತು ಸಲ ಬಸ್ ಓಡಿಸಿದವಳು ಮಿಲಾ. ಹಬ್ಬದ ದಿನ ಅವು ಭಾನುವಾರದ ಲೆಕ್ಕದಲ್ಲಿ ಓಡುತ್ತವೆ. ಭಾನುವಾರದ ಪಾಳಿಯನ್ನು ಬೇರೆ ಡ್ರೈವರ್‌ಗಳು ಮೂಗು ಮುರಿದು ಬಿಟ್ಟಾಗಲೆಲ್ಲ ಇವಳೇ ಮಾಡಿದ್ದಾಳೆ. ಮೊದಲನೆಯದನ್ನು ಹಸಿರಾದ ಕೂಡಲೇ ದಾಟಿ, ಗಂಟೆಗೆ ಇಪ್ಪತ್ತೆಂಟು ಮೈಲಿ ಹಿಡಿದು, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ, ಹೋದರೆ ಹನ್ನೆರಡು ಸಿಗ್ನಲ್ ಸಾಲಾಗಿ ಹಸಿರು.

ಗಾಡಿಯನ್ನು ಹಿಂದಿನ ದಿಬ್ಬದ ತುದಿಗೆ ತಳ್ಳಿದಳು. ಸ್ಕೂಟರ್, ಪೈ, ಹೆಲ್ಮೆಟ್ಟು, ಐವತ್ತನಾಲ್ಕು ವರ್ಷದ ಮಂಡಿ. ತುದಿ ಮುಟ್ಟಿದಾಗ ಜೀವ ಬಾಯಿಗೆ ಬಂದಿತ್ತು. ಒಂದು ನಲವತ್ತಾಗಲು ಎರಡು ನಿಮಿಷ. ಕೆಳಗಿನ ಸಿಗ್ನಲ್ ಕೆಂಪಾಯಿತು. ಮನಸ್ಸಿನಲ್ಲಿ ಎಣಿಸಿದಳು. ಸರಿಯಾದ ಎಣಿಕೆಗೆ ಬ್ರೇಕ್ ಬಿಟ್ಟಳು. ಸ್ಕೂಟರ್ ಉರುಳಿತು, ಎರಡನೇ ಗೇರ್ ಬಿತ್ತು, ಎಂಜಿನ್ ಒಮ್ಮೆ ಒದೆದು ಗುರ್ರೆಂದಿತು. ದೀಪ ಹಸಿರಾಯಿತು.

ಪ್ಯಾರಡೈಸ್ ವ್ಯಾಲಿ ರಸ್ತೆ ಖಾಲಿ. ಊರೆಲ್ಲ ಒಳಗೆ ಮೇಜಿನ ಸುತ್ತ ಕುರ್ಚಿ ಎಳೆಯುತ್ತಿತ್ತು. ಎರಡು, ಮೂರು, ನಾಲ್ಕು. ಪ್ರತಿ ದೀಪವೂ ಅವಳು ಹತ್ತಿರ ಬರುವಾಗ ಹಸಿರಾಗುತ್ತಿತ್ತು. ಎಂಟನೆಯದರ ಹೊತ್ತಿಗೆ ಮಿಲಾ ಹೆಲ್ಮೆಟ್ಟಿನೊಳಗೆ ಜೋರಾಗಿ ನಗುತ್ತಿದ್ದಳು. ಹನ್ನೆರಡು ದಾಟಿದ ಮೇಲೆ ಪ್ಲಾಝಾ ಬುಲೆವಾರ್ಡಿನ ದೊಡ್ಡ ಅಂಗಡಿಯ ಮುಂದಿನ ಸಿಗ್ನಲ್ ಕೆಂಪಿಗೆ ತಿರುಗಿತು. ಅದೂ ಅವಳಿಗೆ ಗೊತ್ತಿದ್ದದ್ದೇ. ಭಾನುವಾರ ಅದು ಯಾರ ಮಾತನ್ನೂ ಕೇಳುವುದಿಲ್ಲ, ತೊಂಬತ್ತು ಸೆಕೆಂಡು. ಅಂಗಡಿಗೆ ಹಬ್ಬದ ರಜೆ, ಕಾರು ನಿಲ್ಲಿಸುವ ಮೈದಾನ ಬರಿದು. ಮಿಲಾ ಗಾಡಿಯನ್ನು ಒಳಗೆ ತಿರುಗಿಸಿ ಮೊದಲ ಗೇರಿನಲ್ಲಿ ಸುತ್ತು ಹಾಕತೊಡಗಿದಳು.

ಕಾವಲಿನವನು ಕುರ್ಚಿಯಿಂದ ಎದ್ದ. “ಏನಮ್ಮಾ ಇದು, ಸರ್ಕಸ್ಸಾ?”

“ಕ್ಲಚ್ಚಿಲ್ಲ ಅಣ್ಣಾ! ನಿಲ್ಸೋಕಾಗಲ್ಲ!” ಎಂದು ಕೂಗಿ ಇನ್ನೊಂದು ಸುತ್ತು. “ಹಬ್ಬದ ಶುಭಾಶಯ!”

ಮೂರನೆಯ ಸುತ್ತಿಗೆ ಅವನೇ ರಸ್ತೆಯ ಕಡೆ ನೋಡಿ, “ಹಸಿರು! ಹಸಿರು ಬಂತು, ಹೋಗಮ್ಮಾ!” ಎಂದು ಟೋಪಿ ಬೀಸಿದ. ಬಂದ ಗೇಟಿನಿಂದಲೇ ಹೊರಬಿದ್ದು ಅವಳು ಉಳಿದ ಆರನ್ನೂ ಹಸಿರಿನಲ್ಲೇ ದಾಟಿದಳು. ಹೊರಟಲ್ಲಿಂದ ಒಮ್ಮೆಯೂ ಕಾಲು ನೆಲಕ್ಕೆ ತಾಗಿರಲಿಲ್ಲ.

ಮನೆಯ ಮುಂದೆ ಬ್ರೇಕ್ ಒತ್ತಿದಾಗ ಸ್ಕೂಟರ್ ಮೇಕೆಯಂತೆ ಒಮ್ಮೆ ಕುಪ್ಪಳಿಸಿ ಸುಮ್ಮನಾಯಿತು. ಒಂದು ಐವತ್ತೆಂಟು. ಪೈ ಬಿಚ್ಚಿಕೊಂಡು ಒಳಗೆ ನುಗ್ಗಿದಳು. ಮೇಜಿನ ಸುತ್ತ ಹದಿನಾಲ್ಕು ಜನ, ಮಧ್ಯೆ ಹಬೆಯಾಡುತ್ತಿದ್ದ ಟರ್ಕಿ, ಪಾನ್ಸಿತ್ ಶ್ಯಾವಿಗೆಯ ದೊಡ್ಡ ತಟ್ಟೆ. ರೊಮುಲೊ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಗೋಡೆ ಗಡಿಯಾರದ ಕೆಳಗೇ ಕೂತಿದ್ದ. ಮಿಲಾ ಸಿಂಕಿನ ಕಡೆ ಓಡಿದಳು. ಮೊಣಕೈತನಕ ಗ್ರೀಸು, ಸೋಪು ಉಜ್ಜಿದಷ್ಟೂ ಹರಡುತ್ತಿತ್ತು.

“ಮಿಲಾ. ಬಾ ಇಲ್ಲಿ,” ಎಂದಳು ತಾಯಿ.

“ಕೈ ಅಮ್ಮಾ, ಒಂದೇ ನಿಮಿಷ...”

“ಆ ಒಂದು ನಿಮಿಷ ಇಲ್ಲ. ಕೂತ್ಕೋ.”

ತಾಯಿಗೂ ಅಣ್ಣನಿಗೂ ನಡುವಿನ ಖಾಲಿ ಕುರ್ಚಿಯಲ್ಲಿ ಕೂತಳು. ಗಡಿಯಾರದ ಮುಳ್ಳು ಎರಡರ ಮೇಲೆ ಬಂತು. ಮನೆಯ ಪದ್ಧತಿಯಂತೆ ಎಲ್ಲರೂ ಪಕ್ಕದವರ ಕೈ ಹಿಡಿದರು. ಮಿಲಾ ತನ್ನ ಕೈಗಳನ್ನು ಮಡಿಲಲ್ಲೇ ಬಚ್ಚಿಟ್ಟುಕೊಂಡಿದ್ದಳು. ತಾಯಿ ತನ್ನ ತೆಳುವಾದ, ತೊಳೆದ ಕೈಯನ್ನು ಅವಳ ಮಡಿಲಿಗೇ ಹಾಕಿ ಆ ಕಪ್ಪು ಕೈಯನ್ನು ಎಳೆದು ಗಟ್ಟಿಯಾಗಿ ಹಿಡಿದುಕೊಂಡಳು.

“ಅಮ್ಮಾ, ನಿನ್ನ ಕೈ...” ಎಂದ ರೊಮುಲೊ.

“ನೀನೂ ಹಿಡ್ಕೋ. ಆ ಕಡೆ ಕೈ ನಿಂದು,” ಎಂದಳು ತಾಯಿ. ರೊಮುಲೊ ಅಂಗಿಯ ತೋಳು ಮಡಚಿ, ಮುಖ ಸಿಂಡರಿಸಿ, ಹಿಡಿದ.

ಮುದುಕಿ ಕಣ್ಣು ಮುಚ್ಚಿ ಅನ್ನಕ್ಕೆ, ಆರೋಗ್ಯಕ್ಕೆ, ತೀರಿಕೊಂಡ ಗಂಡನ ನೆನಪಿಗೆ ದೇವರಿಗೆ ವಂದನೆ ಹೇಳಿದಳು. ಆಮೇಲೆ ಸ್ವಲ್ಪ ತಡೆದು, “ದಾರೀಲಿ ನಿಂತವರನ್ನ ಮನೆ ಮುಟ್ಟಿಸಿ ತಾನೂ ಮನೆಗೆ ಬಂದ ನನ್ನ ಮಗಳಿಗಾಗಿ,” ಎಂದಳು. ಮಿಲಾಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈಗಳನ್ನು ಬೇರೆಯವರು ಹಿಡಿದಿದ್ದರು.

ಆಮೆನ್ ಆಯಿತು. ತಾಯಿ ಅದೇ ಮಸಿ ಮೆತ್ತಿದ ಕೈಯಿಂದ ಚಾಕು ಎತ್ತಿ, ಟರ್ಕಿಯ ಮೊದಲ ತುಂಡನ್ನು, ಹಬೆಯಾಡುವುದನ್ನು, ಮಿಲಾಳ ತಟ್ಟೆಗೆ ಹಾಕಿದಳು.

“ರೊಮುಲೊ, ಆ ಗಿರಾಕಿಗೆ ಫೋನ್ ಮಾಡೋ.”

“ಯಾಕಮ್ಮಾ? ಇವಳು ಬಂದಳಲ್ಲ?” ಎಂದ ರೊಮುಲೊ, ಅವನಿಗೇ ಗಾಬರಿಯಾಗಿತ್ತು.

“ಗಾಡಿ ಮಾರೋದಿಲ್ಲ ಅಂತ ಹೇಳು. ಹಾಗೇ ಕೇಳು, ಈ ಕ್ಲಚ್ ವೈರ್ ಅನ್ನೋದು ಎಲ್ಲಿ ಸಿಗುತ್ತೆ ಅಂತ. ಮೂರು ತಗೊಂಡ್ ಬಾ. ಎರಡು ಇವಳು ದಾರೀಲಿ ಹಂಚೋಕೆ.” ಮುದುಕಿ ತನ್ನ ತಟ್ಟೆಗೆ ಬಡಿಸಿಕೊಂಡಳು. “ಇನ್ನೊಂದು ನನ್ನ ಹತ್ರ ಕೊಡು. ಅದನ್ನ ಇವಳ ಜಾಕೆಟ್ಟಿಗೆ ನಾನೇ ಹೊಲಿದುಬಿಡ್ತೀನಿ.”