ಸುನಂದಾ ಟೀಚರ್ ಕೇಳಿಸಿಕೊಂಡ ಪಾಪ

ದಾಂಡೇಲಿಯ ಆ ಸಿಸ್ಟರ್‌ಗಳ ಶಾಲೆಯಲ್ಲಿ ಮೂರನೇ ಇಯತ್ತೆ ಎಂದರೆ ಸುನಂದಾ ಟೀಚರ್. ಹಳಿಯಾಳದ ಕಡೆಯ ಲಿಂಗಾಯತರ ಮನೆ ಮಗಳು. ಕೊರಳಲ್ಲಿ ಲಿಂಗ, ಕರಿಹಲಗೆಯ ಮೇಲೆ ಶಿಲುಬೆ. ಇಷ್ಟು ವರ್ಷದಲ್ಲಿ ಅವೆರಡೂ ಜಗಳವಾಡಿದ್ದಿಲ್ಲ. ಮಗ್ಗಿ, ಗಡಿಯಾರ ನೋಡುವುದು, ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ ಇವನ್ನೆಲ್ಲ ಆಕೆ ನಿದ್ದೆಗಣ್ಣಿನಲ್ಲೂ ಕಲಿಸಬಲ್ಲಳು.

ಆದರೆ ಮೂರನೇ ಇಯತ್ತೆಯ ನಿಜವಾದ ಪಾಠ ಬೇರೆಯೇ ಎಂದು ಆಕೆ ಹೇಳುತ್ತಿದ್ದಳು. ಎರಡನೆಯದರ ತನಕ ಮಗು ಸಕ್ಕರೆ ಕದ್ದರೆ ಅದು ತುಂಟತನ, ಮೂರನೆಯದರಲ್ಲಿ ಅದೇ ಪಾಪ. ಕ್ಯಾಥೊಲಿಕ್ ಮಕ್ಕಳು ಆ ವರ್ಷವೇ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸಲು, ತಯಾರಾಗುವುದು. ಅದಕ್ಕೆ ಮೊದಲು ಚರ್ಚಿನ ಗುರುಗಳ ಬಳಿ ಪಾಪನಿವೇದನೆ ಮಾಡಬೇಕು, ಅಂದರೆ ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಕ್ಷಮೆ ಉಂಟು, ಹೇಳಿದ್ದು ಅಲ್ಲಿಂದ ಆಚೆ ಹೋಗುವುದಿಲ್ಲ. ಉಳಿದ ಜಾತಿಯ ಮಕ್ಕಳಿಗೆ ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ನೀತಿಪಾಠ. ಅದನ್ನು ಹೇಳುವವಳು ಸುನಂದಾ.

ಆ ನೀತಿಪಾಠದ ಮಕ್ಕಳಲ್ಲಿ ಸುಮನ ಒಬ್ಬಳು. ಕುಳಗಿ ರಸ್ತೆಯ ಗೌಳಿವಾಡದವಳು. ಅಪ್ಪ ಠಾಕಪ್ಪನದು ಎಮ್ಮೆ ಕಟ್ಟುವ, ಹಾಲು ಹಾಕುವ ಬದುಕು. ಆ ವಾಡದಿಂದ ಈ ಶಾಲೆಯ ಮೆಟ್ಟಿಲು ಹತ್ತಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಹಾಲು ಕೊಡಲು ಬರುತ್ತಿದ್ದ ಅವಳ ಆಯಿ, ಅಂದರೆ ತಾಯಿ, ಗೌರಿಬಾಯಿಯ ಬೆನ್ನುಬಿದ್ದು, ಶಾಲೆಯ ಹಿರಿಯ ಸಿಸ್ಟರ್ ಲಿಡ್ವಿನಾಗೆ ದುಂಬಾಲು ಬಿದ್ದು, ಈ ಹುಡುಗಿಯನ್ನು ಶಾಲೆಗೆ ಸೇರಿಸಿದವಳು ಸುನಂದಾನೇ. ಠಾಕಪ್ಪ ಒಲ್ಲದ ಮನಸ್ಸಿನಿಂದ ಒಪ್ಪಿದ್ದ. "ಏನರ ಒಂದು ಎಡವಟ್ಟಾತಂದ್ರ ಎಮ್ಮಿ ಹಿಂದ ಕಳಸ್ತೇನಿ ನೋಡ್ರಿ" ಎಂದು ಆಗಲೇ ಎಚ್ಚರಿಸಿದ್ದ. ಹುಡುಗಿ ಚುರುಕಾಗಿದ್ದಳು. ಇವಳನ್ನು ಹತ್ತನೆಯದರ ತನಕ ದಾಟಿಸಬೇಕು ಎಂಬುದು ಸುನಂದಾಳ ಹಟವಾಗಿತ್ತು. ಸ್ವಂತ ಮಕ್ಕಳ ಓದಿಗೂ ಆಕೆ ಅಷ್ಟು ತಲೆ ಕೆಡಿಸಿಕೊಂಡವಳಲ್ಲ.

ಆ ವಾರ ಮಕ್ಕಳನ್ನು ತಯಾರು ಮಾಡುತ್ತಿದ್ದ ಸಿಸ್ಟರ್ ಲಿಡ್ವಿನಾಗೆ ಜ್ವರ. ಪಾಪನಿವೇದನೆಯ ತಾಲೀಮು ನಿಲ್ಲಿಸುವಂತಿರಲಿಲ್ಲ. "ನೀವೇ ಕುರ್ಚಿ ಮೇಲೆ ಕೂತುಬಿಡಿ ಸುನಂದಾ. ಹುಡುಗರು ಸುಮ್ಮನೆ ಏನೋ ಒಂದು ತಪ್ಪು ಹೇಳುತ್ತಾರೆ, ಸಮಾಧಾನದಿಂದ ಹೋಗು ಅಂತ ಕಳಿಸಿದರೆ ಆಯಿತು" ಎಂದರು. ಎರಡೂ ಕೋಣೆಯ ಮಕ್ಕಳು ಒಂದಾದರು. ಕುರ್ಚಿಯನ್ನು ಗೋಡೆಗೆ ಅಡ್ಡಲಾಗಿ ಇಟ್ಟು, ನಡುವೆ ಹಳೆಯ ಪರದೆ ಕಟ್ಟಿ, ಸುನಂದಾ ಗಂಭೀರವಾಗಿ ಕುಳಿತಳು. ಇಲ್ಲಿ ಹೇಳಿದ್ದನ್ನು ಹೇಳಿದವರೂ ಕೇಳಿದವರೂ ಹೊರಗೆ ಆಡಬಾರದು ಎಂದು ಸಿಸ್ಟರ್ ಕಲಿಸಿದ್ದನ್ನು ಇನ್ನೊಮ್ಮೆ ಒಪ್ಪಿಸಿದಳು. ಒಬ್ಬ ತಮ್ಮನನ್ನು ಚಿವುಟಿದ್ದ. ಇನ್ನೊಬ್ಬಳು ಅಜ್ಜಿಯ ಡಬ್ಬಿಯ ಗೋಡಂಬಿ ತಿಂದಿದ್ದಳು. ಸುನಂದಾಗೆ ನಗು ತಡೆಯುವುದೇ ಕಷ್ಟವಾಗಿತ್ತು.

ಕೊನೆಗೆ ಪರದೆಯ ಆಚೆ ಸುಮನಳ ದನಿ. ಸಾಲಿನಲ್ಲಿ ನಿಲ್ಲು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಟೀಚರ್, ನಾ ಸುಳ್ಳು ಹೇಳೇನ್ರಿ. ಫಾರೆಸ್ಟಿನವ್ರು ಬಂದು ನಿಮ್ಮ ಎಮ್ಮಿ ಎಲ್ಲಿ ಮೇಯ್ತಾವು ಅಂತ ಕೇಳಿದ್ರು. ಊರ ಮಾಳದಾಗ ಅಂದೆ. ಆಯಿ ಹಂಗ ಹೇಳು ಅಂದಿದ್ಲು. ಖರೆ ಅಂದ್ರ ಅಪ್ಪ ನಸಕಿನ್ಯಾಗ ಎದ್ದು ಕಂದಕ ದಾಟಿಸಿ ಹುಲಿ ಅಡವಿಗೆ ಹೊಡ್ಕೊಂಡು ಹೋಗ್ತಾನ." ಮತ್ತೆ ಕೇಳಿದಳು. "ಆಯಿ ಮಾತು ಕೇಳಿದ್ರೂ ಪಾಪ ಹತ್ತತೈತೇನ್ರಿ?"

ಇದಕ್ಕೆ ಏನು ಹೇಳಬೇಕೆಂದು ಸಿಸ್ಟರ್ ಕಲಿಸಿರಲಿಲ್ಲ. "ಖರೆ ಹೇಳಿದೆಲ್ಲಾ, ಮಾಫಿ ಆತು. ಸಮಾಧಾನದಿಂದ ಹೋಗು" ಎಂದಳು. ಹುಡುಗಿ ಹಗುರಾಗಿ ಓಡಿಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಸುನಂದಾ ಎಷ್ಟು ಮಕ್ಕಳಿಂದ ಕಾಪಿ ಬರೆಸಿದ್ದಾಳೋ ಲೆಕ್ಕವಿಲ್ಲ. ಆ ಸಂಜೆ ರೊಟ್ಟಿ ಬಡಿಸುತ್ತ ಗಂಡನಿಗೆ ಶಾಲೆಯ ತಮಾಷೆ ಹೇಳಿದಳು. ಗೋಡಂಬಿಯ ಕಥೆಗೆ ಅವನು ನಕ್ಕ. ಗೌಳಿ ಹುಡುಗಿಯೂ ಸಾಲಿನಲ್ಲಿ ಬಂದು ಪಾಪ ಹೇಳಿದ್ದು ಇನ್ನೂ ಮಜವಾಗಿತ್ತು. ಹೇಳುವ ಭರದಲ್ಲಿ ಅಡವಿಯ ಗಡಿಗೆ ತೋಡಿದ ಕಂದಕವೂ ಬಂತು, ದನ ಮೇಯಿಸುವಂತಿಲ್ಲದ ಹುಲಿ ಅಡವಿಯೂ ಬಂತು. ಗಂಡ ಶರಣಬಸವ ಕುಳಗಿ ಕ್ಯಾಂಪಿನಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸುವವನು. ಅವನು ನಗಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿನಲ್ಲಿ ಇಟ್ಟ.

"ಯಾವ ಕಡೆ ಕಂದಕ?" ಎಂದು ಕೇಳಿದ.

ಆಗಲೇ ಆಕೆಗೆ ತಾನು ಆಡಿದ್ದೇನೆಂದು ಹೊಳೆದದ್ದು. "ಅದು ಹುಡುಗಿ ಮಾತ್ರೀ. ಅಲ್ಲೇ ಬಿಟ್ಟುಬಿಡ್ರಿ" ಎಂದಳು.

"ನಾ ಉಣ್ಣೂದು ಇಲಾಖೆ ಅನ್ನ. ನಾಳೆ ಅಲ್ಲಿ ಹುಲಿ ಎಮ್ಮಿ ಹಿಡೀತು, ಇಲ್ಲಾ ಮನಷ್ಯಾನ ಮ್ಯಾಲ ಬಿತ್ತು ಅಂದ್ರ? ಗೊತ್ತಿದ್ದೂ ಸುಮ್ಮನಿದ್ದಿ ಅಂತ ನನ್ನ ಕೇಳ್ತಾರ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅತ್ತು ಕರೆದು ನಿಲ್ಲಿಸಬಹುದಿತ್ತು. ಆದರೆ ಆಕೆ ತಾಟು ತೊಳೆಯಲು ಹೋದಳು.

ಮುಂದೆ ಆಗಬೇಕಾದ್ದೇ ಆಯಿತು. ಗಾರ್ಡುಗಳು ಬೆಳಗಿನ ಜಾವವೇ ಕಂದಕದ ಬಳಿ ಕಾದು ಕುಳಿತು ಠಾಕಪ್ಪನನ್ನು ಹಿಡಿದರು, ಎಮ್ಮೆಗಳನ್ನು ದೊಡ್ಡಿಗೆ ಹೊಡೆದರು. ಕೇಸು ಬಿತ್ತು. ಸುಮನಳ ಜಾಗ ಖಾಲಿ ಬಿತ್ತು. ಸುನಂದಾ ಹಾಜರಿ ಕೂಗುವಾಗ ಆ ಹೆಸರನ್ನು ಬಿಡಲಾರದೆ ಕೂಗುತ್ತಿದ್ದಳು. ಗಂಡನ ಜೊತೆ ಮಾತು ಉಪ್ಪು, ನೀರು ಎನ್ನುವಷ್ಟಕ್ಕೆ ಬಂತು.

ಒಂದು ಭಾನುವಾರ ಗೌಳಿವಾಡಕ್ಕೆ ಹೋದಳು. ಠಾಕಪ್ಪ ಮನೆಯಲ್ಲಿರಲಿಲ್ಲ, ಕೋರ್ಟಿನ ಕೆಲಸಕ್ಕೆ ವಕೀಲರ ಮನೆಗೆ ಹೋಗಿದ್ದ. ಗೌರಿಬಾಯಿ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದವಳು ಎದ್ದು ಚಾಪೆ ಹಾಸಿದಳು. ಸುಮನ ಬಾಗಿಲಲ್ಲೇ ನಿಂತಳು. ಅವಳ ತೋಳಿನ ಮೇಲೆ ಬಾಸುಂಡೆ ಇನ್ನೂ ಮಾಸಿರಲಿಲ್ಲ.

"ಮುಂಡಗೋಡ ಕಡೆ, ಅತ್ತಿವೇರಿ ಹಂತೇಕ ನಮ್ಮ ಅಣ್ಣ ಅದಾನ್ರಿ. ಅಲ್ಲೇ ಹೊಂಟೇವಿ" ಎಂದಳು ಗೌರಿಬಾಯಿ. "ಇಕಿ ಅಲ್ಲಿ ಅವನ ಎಮ್ಮಿ ಕಾಯ್ತಾಳ."

"ಸಾಲಿ ಬಿಡಸಬ್ಯಾಡ ಗೌರಿಬಾಯಿ. ನಮ್ಮ ಮನ್ಯಾಗ ಇಟ್ಕೊಂಡು ಓದಸ್ತೇನಿ."

"ಬ್ಯಾಡ್ರೀ ಬಾಯಾರ. ಇಕಿ ಬಾಯಿಂದನ ಮನಿ ಹಾಳಾತು. ಅಡವಿ ಮಾತು ಯಾರಿಗೋ ಹೇಳ್ಯಾಳ, ಅಷ್ಟು ಮಾತ್ರ ಒಪ್ಪಿದ್ಲು. ಯಾರಿಗೆ ಹೇಳಿದಿ ಅಂತ ಬಾರಕೋಲ ತಗೊಂಡು ಹೊಡದೇನಿ. ಅಳಲೂ ಇಲ್ಲ, ಸತ್ರೂ ಹೇಳವಲ್ಲಳು. ಅದನ್ನ ಹೊರಗ ಆಡಬಾರದಂತ."

ಸುನಂದಾ ಹುಡುಗಿಯನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಟೀಚರ್‌ನ ಮೇಲೆ ಅವಳಿಗೆ ಸಂಶಯವೇ ಬಂದಿರಲಿಲ್ಲ. ತಾನು ಹೇಳಿದ್ದು ಟೀಚರ್ ಹತ್ತಿರ ಭದ್ರವಾಗಿದೆ, ಫಾರೆಸ್ಟಿನವರಿಗೆ ಬೇರೆ ಹೇಗೋ ತಿಳಿದಿದೆ ಎಂದೇ ಅವಳು ನಂಬಿದ್ದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದ ಸುನಂದಾಗೆ ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಸುಮ್ಮನೆ ಎದ್ದು ಬಂದಿದ್ದರೆ ಹುಡುಗಿಯ ಪಾಲಿಗೆ ಆಕೆ ಒಳ್ಳೆಯವಳಾಗಿಯೇ ಉಳಿಯುತ್ತಿದ್ದಳು.

"ನನಗ ಹೇಳಿದ್ಲು" ಎಂದಳು. "ಮನ್ಯಾಗ ನಾನ ಬಾಯಿಬಿಟ್ಟೆ. ನನ್ನ ಗಂಡ ಫಾರೆಸ್ಟಿನ್ಯಾಗ ಅದಾರ."

ಬಾಗಿಲಲ್ಲಿದ್ದ ಹುಡುಗಿ ಸುನಂದಾಳನ್ನು ನೋಡುತ್ತಲೇ ಇದ್ದಳು. ಆಮೇಲೆ ಮುಖ ತಿರುಗಿಸಿ ಗೋಡೆಯ ಕಡೆ ನಿಂತಳು. ಹೊಡೆತಕ್ಕೆ ಅತ್ತಿರಲಿಲ್ಲವಂತೆ, ಈಗ ಅಳತೊಡಗಿದಳು.

"ಹಂಗಾದ್ರ ಇಕಿನ್ನ ಸುಮ್ಮನ ಹೊಡದ್ನೆಲ್ಲ" ಎಂದಳು ಗೌರಿಬಾಯಿ, ತನ್ನ ಅಂಗೈ ನೋಡಿಕೊಳ್ಳುತ್ತ.

"ನನ್ನ ತಪ್ಪು, ಮಾಫಿ ಮಾಡ" ಎಂದಳು ಸುನಂದಾ.

"ತಪ್ಪು ಹೇಳಿದ್ರ ಮಾಫಿ ಆಗ್ತೈತಿ ಅಂತ ನಿಮ್ಮ ಸಾಲ್ಯಾಗ ಕಲಸ್ತಾರಂತ, ಇಕಿ ಹೇಳ್ತಿದ್ಲು. ನಾ ಸಾಲಿ ಕಲತಾಕಿ ಅಲ್ರೀ ಬಾಯಾರ. ನನಗದು ಬರಂಗಿಲ್ಲ."

ಇಷ್ಟು ಹೇಳಿ ಗೌರಿಬಾಯಿ ಮಗಳನ್ನು ಒಳಗೆ ಕರೆದುಕೊಂಡು ಹೋದಳು.